ಒಳಗಿಂದ ಹಾಕಿದ ಚಿಲಕ

ಆ ದೈವಶಾಸ್ತ್ರದ ಕಾಲೇಜಿನಲ್ಲಿ ಬೈಬಲನ್ನು ಅರೆದು ಕುಡಿದವರು ಮೂವತ್ತೆರಡು ಮಂದಿ ಇದ್ದರು. ಕಕ್ಕಸು ನಾಲ್ಕಿದ್ದವು. ನಾಲ್ಕನ್ನೂ ತೊಳೆಯುವವಳು ಒಬ್ಬಳೇ. ಕೆಳಗೆ ಕೆಲಸ ಮಾಡುವ ಹೆಂಗಸರು ಅವಳನ್ನು ಬಕೆಟ್ಟಕ್ಕ ಎನ್ನುತ್ತಿದ್ದರು. ಮೇಲಿನವರಿಗೆ ಅವಳನ್ನು ಕರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮೇಲಂತಸ್ತಿನ ಕಾರಿಡಾರಿನ ಕೊನೆಗೆ ಒಂದು ಕೋಣೆ. ಅದರೊಳಗೆ ಸಾಲಾಗಿ ನಾಲ್ಕು ಕಕ್ಕಸು, ಎರಡು ಬೇಸಿನ್ನು, ಒಂದು ಕನ್ನಡಿ. ಕೋಣೆಗೆ ಬಾಗಿಲು ಎರಡು. ಕಾರಿಡಾರಿನ ಕಡೆಯದು ತೇಗದ್ದು, ಹಿತ್ತಾಳೆ ಚಿಲಕದ್ದು, ಎಂಥ ಎತ್ತರದ ಮನುಷ್ಯನೂ ತಲೆ ಬಗ್ಗಿಸದೆ ಹೋಗುವಂಥದ್ದು. ಹಿಂದಿನದು ತಗಡಿನದು, ಸೊಂಟದೆತ್ತರದ್ದು. ಅದರಾಚೆ ಗೋಡೆಗೆ ಅಂಟಿಕೊಂಡು ಸುತ್ತಿ ಸುತ್ತಿ ಇಳಿಯುವ ಕಬ್ಬಿಣದ ಮೆಟ್ಟಿಲು. ಕಟ್ಟಿಸಿದವರು ಬಹಳ ಯೋಚನೆ ಮಾಡಿಯೇ ಕಟ್ಟಿಸಿದ್ದರು. ಹೋಗುವವರಿಗೆ ತೊಳೆಯುವವಳ ಮುಖ ಕಾಣಿಸಬಾರದು, ಅಷ್ಟೇ. ಹೆಂಗಸರಿಗೂ ಹೊಟ್ಟೆಯ ಕೆಳಗೆ ಒಂದು ಚೀಲ ಇರುತ್ತದೆ, ಅದೂ ತುಂಬುತ್ತದೆ ಎಂಬುದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಮೂವತ್ತೆರಡೂ ಗಂಡಸರೇ ಆಗಿದ್ದರಿಂದ ಆಮೇಲೂ ಯಾರಿಗೂ ಹೊಳೆಯಲಿಲ್ಲ.

ಬಕೆಟ್ಟಕ್ಕನ ಕೆಲಸದ ರೀತಿ ಹೀಗೆ. ಎರಡು ಕೈಯಲ್ಲಿ ಎರಡು ಬಕೆಟ್ಟು ಹಿಡಿದು ಮೂವತ್ತೊಂದು ಮೆಟ್ಟಿಲು ಹತ್ತಬೇಕು. ತಗಡಿನ ಬಾಗಿಲ ಮುಂದೆ ಕೂತು, ಬಕೆಟ್ಟುಗಳನ್ನು ಮೊದಲು ಒಳಕ್ಕೆ ತಳ್ಳಿ, ಆಮೇಲೆ ತಾನು ಮಂಡಿಯೂರಿ ನುಗ್ಗಬೇಕು. ನುಗ್ಗಿದ ಕೂಡಲೇ ಮುಂಬಾಗಿಲ ಚಿಲಕ ಹಾಕಬೇಕು, ಒದ್ದೆ ನೆಲದ ಮೇಲೆ ಯಾರೂ ಕಾಲಿಡದಂತೆ. ಆಸಿಡ್ ಸುರಿದು ಉಜ್ಜಬೇಕು. ಕೆಮ್ಮಬೇಕು. ತೊಳೆದಾದ ಮೇಲೆ ನೆಲ ಒಣಗಲು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಅವಳು ಹಿಂದಿನಿಂದ ಇಳಿದು ಹೋಗಿ ಅಂಗಳ ಗುಡಿಸುತ್ತಿದ್ದಳು. ಮತ್ತೆ ಹತ್ತಿ, ನುಗ್ಗಿ, ಚಿಲಕ ತೆಗೆದು, ಬಂದ ದಾರಿಯಲ್ಲೇ ಇಳಿಯುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಮೂರು ಸಲ ಇದೇ ನಡೆದಿತ್ತು.

ಆ ಇಪ್ಪತ್ತು ನಿಮಿಷ ಕೋಣೆಯೊಳಗೆ ನರಪಿಳ್ಳೆಯೂ ಇರುತ್ತಿರಲಿಲ್ಲ. ಹೊರಗೆ ಮಾತ್ರ ಪ್ರೊಫೆಸರುಗಳು ಸಾಲುಗಟ್ಟಿ ನಿಂತಿರುತ್ತಿದ್ದರು. ಬಾಗಿಲು ತಟ್ಟಲು ಸಂಕೋಚ. ಒಳಗೆ ತಮಗಿಂತ ದೊಡ್ಡವರಿದ್ದರೆ ಎಂಬ ಅಳುಕು. ಹಾಗಾಗಿ ಕಿಟಕಿಯಾಚೆಯ ಮರ ನೋಡುತ್ತಾ, ಗಂಟಲು ಸರಿಮಾಡಿಕೊಳ್ಳುತ್ತಾ, ಕಾಲು ಬದಲಿಸುತ್ತಾ ನಿಲ್ಲುತ್ತಿದ್ದರು. ಕೆಳಗೆ ಅಂಗಳದಿಂದ ಬಕೆಟ್ಟಕ್ಕ ಅವರ ತಲೆಗಳನ್ನು ಎಣಿಸುತ್ತಿದ್ದಳು. ಅವಳ ದಿನದಲ್ಲಿ ನಗು ಬರುವ ಸಮಯ ಅದೊಂದೇ.

ಉಳಿದ ಸಮಯ ನಗುವಂಥದ್ದಲ್ಲ. ಕಾಲೇಜಿನಲ್ಲಿ ಕೆಲಸಕ್ಕಿದ್ದ ಹೆಂಗಸರು ಏಳು ಜನ. ಏಳು ಜನಕ್ಕೂ ಉಚ್ಚೆಗೆ ಜಾಗವಿರಲಿಲ್ಲ. ಅವಳೇ ಕನ್ನಡಿ ಹೊಳೆದ ಹಾಗೆ ತೊಳೆದಿಟ್ಟ ಆ ನಾಲ್ಕರಲ್ಲಿ ಒಂದರ ಮೇಲೂ ಕೂರುವಂತಿರಲಿಲ್ಲ. ‘ಮ್ಯಾನೇಜ್‌ಮೆಂಟಿನ ನಿಯಮ’ ಎನ್ನುತ್ತಿದ್ದ ಮ್ಯಾನೇಜರ್. ಮಾರ್ಕೆಟ್ಟಿನ ಹಿಂದೆ ಒಂದು ಸಾರ್ವಜನಿಕ ಕಕ್ಕಸಿತ್ತು, ನಡೆದರೆ ಅರ್ಧ ಗಂಟೆ. ಹೋಗಿ ಬಂದರೆ ಅರ್ಧ ದಿನದ ರಜ ಎಂದು ಹಿಡಿದು ಸಂಬಳ ಮುರಿಯುತ್ತಿದ್ದರು. ಅದಕ್ಕೇ ಏಳು ಜನವೂ ಬೆಳಗ್ಗೆ ಮನೆ ಬಿಟ್ಟ ಮೇಲೆ ಸಂಜೆವರೆಗೂ ನೀರು ಮುಟ್ಟುತ್ತಿರಲಿಲ್ಲ.

ಇವರಲ್ಲಿ ಮೊದಲು ಕಾಯಿಲೆ ಬಿದ್ದವಳು ಬಕೆಟ್ಟಕ್ಕನ ನಾದಿನಿ. ಗಂಡನ ತಂಗಿ. ಹಿತ್ತಲಿನ ನಲ್ಲಿಯಲ್ಲಿ ಮೇಜಿನ ಬಟ್ಟೆ, ಪರದೆ, ಪೂಜಾವಿಧಿಯ ಬಿಳಿ ನಿಲುವಂಗಿ ಒಗೆಯುವುದು ಅವಳ ಕೆಲಸ. ದಿನವಿಡೀ ನೀರಿನಲ್ಲಿ ಕೈ, ದಿನವಿಡೀ ನಲ್ಲಿಯ ಸದ್ದು, ದಿನವಿಡೀ ತೊಡೆ ಬಿಗಿಹಿಡಿದುಕೊಂಡೇ ಒಗೆತ. ಒಂಬತ್ತು ವರ್ಷಕ್ಕೆ ಜ್ವರ ಬಂತು, ಉರಿ ಬಂತು, ಸೊಂಟ ಹಿಡಿಯಿತು. ಡಾಕ್ಟರು ಬೈದರು. ದಿನಕ್ಕೆ ಮೂರು ಲೀಟರ್ ನೀರು ಕುಡಿಯದಿದ್ದರೆ ಕಿಡ್ನಿ ಹೋಗುತ್ತದೆ ಎಂದರು.

"ಕುಡೀತೀನಿ ಡಾಕ್ಟ್ರೇ," ಎಂದಳು ನಾದಿನಿ. "ಕುಡಿದಿದ್ದನ್ನ ಎಲ್ಲಿ ಇಡ್ಲಿ ಅಂತ ಅದನ್ನೂ ಬರ್ಕೊಡಿ."

ಡಾಕ್ಟರು ಅದನ್ನು ಬರೆದುಕೊಡಲಿಲ್ಲ. ಬಕೆಟ್ಟಕ್ಕ ಏಳನೇ ಕ್ಲಾಸಿನವರೆಗೆ ಓದಿದ್ದಳು. ತಾನೇ ಅರ್ಜಿ ಬರೆದಳು. ಹೊಸದು ಕಟ್ಟಿಸುವುದು ಬೇಡ, ಇರುವುದರಲ್ಲೇ ಹೋಗಲು ಬಿಡಿ, ತೊಳೆಯುವವಳು ಹೇಗೂ ನಾನೇ. ಒಂದಲ್ಲ, ಮೂರು ಅರ್ಜಿ. ಮೂರಕ್ಕೂ ಮ್ಯಾನೇಜರ್ ಒಂದೇ ಉತ್ತರ ಕೊಟ್ಟ. ಪರಿಶೀಲನೆಯಲ್ಲಿದೆ.

ಆ ಹೊತ್ತಿಗೆ ಬಂದವರು ಅಂಚಿನ ಮೇಷ್ಟ್ರು.

ವಯಸ್ಸು ಮೂವತ್ತೈದರ ಒಳಗೆ. ಗಡ್ಡ, ಜೋಳಿಗೆ, ಖಾದಿ ಅಂಗಿ. ಮಾತಿಗೆ ಮುಂಚೆ ಸಮಾಜದ ಅಂಚಿನವರು, ಮಾತಿನ ನಡುವೆ ಅಂಚಿನವರು, ಮಾತು ಮುಗಿದ ಮೇಲೂ ಅಂಚಿನವರು. ಇಷ್ಟು ದಿನ ಬೈಬಲಿಗೆ ಅರ್ಥ ಹೇಳಿದವರೆಲ್ಲ ಕುರ್ಚಿಯಲ್ಲಿ ಕೂತವರು, ಇನ್ನು ಮೇಲೆ ನೆಲದ ಮೇಲೆ ಕೂತವರು ಹೇಳಬೇಕು ಎಂಬುದು ಅವರ ಸಿದ್ಧಾಂತ. ಸಿದ್ಧಾಂತಕ್ಕೆ ತಕ್ಕ ಹಾಗೆ ಪ್ರತಿ ಬುಧವಾರ ಉಗ್ರಾಣದಲ್ಲಿ ಏಳು ಹೆಂಗಸರನ್ನೂ ನೆಲದ ಮೇಲೆ ಕೂರಿಸಿ, ತಾವು ಕುರ್ಚಿಯಲ್ಲಿ ಕೂತು, ಒಂದು ಕಥೆ ಓದಿ ‘ನಿಮಗೇನನ್ನಿಸುತ್ತೆ’ ಎಂದು ಕೇಳುತ್ತಿದ್ದರು. ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ಬನ್ನು ಕೊಡುತ್ತಿದ್ದರು, ಟೀ ಕೊಡುತ್ತಿದ್ದರು. ಬನ್ನನ್ನು ಹೆಂಗಸರು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ಟೀ ಮುಟ್ಟುತ್ತಿರಲಿಲ್ಲ. ಕುಡಿದರೆ ಮುಂದೇನು ಎಂಬುದು ಗೊತ್ತಿತ್ತಲ್ಲ. ಮೇಷ್ಟ್ರು ನೋಟುಬುಕ್ಕಿನಲ್ಲಿ ಬರೆದುಕೊಂಡರು: ಪಠ್ಯದ ಎದುರು ಶ್ರಮಿಕ ಮಹಿಳೆಯರಲ್ಲಿ ಸಹಜವಾದ ಉಪವಾಸ ಮನೋಭಾವ ಕಂಡುಬರುತ್ತದೆ.

ಬಕೆಟ್ಟಕ್ಕ ಬುಧವಾರ ತಪ್ಪಿಸದೆ ಹೋಗಲು ಕಾರಣ ಒಂದೇ. ಮೊದಲ ದಿನವೇ ಮೇಷ್ಟ್ರು ಮಾತು ಕೊಟ್ಟಿದ್ದರು. "ಟಾಯ್ಲೆಟ್ ವಿಷಯ ನನಗೆ ಬಿಡಿ ಅಕ್ಕ, ಪ್ರಿನ್ಸಿಪಾಲರ ಹತ್ರ ನಾನೇ ಮಾತಾಡ್ತೀನಿ."

ಒಂದು ಬುಧವಾರ ಅವರು ಹಳೇ ಒಡಂಬಡಿಕೆಯ ಒಂದು ಕಥೆ ಓದಿದರು. ಒಬ್ಬ ದಪ್ಪ ರಾಜ, ಜನರನ್ನು ಹದಿನೆಂಟು ವರ್ಷ ಹಿಂಡಿದವನು. ಒಬ್ಬ ಎಡಗೈಯವನು ಕಪ್ಪಕಾಣಿಕೆ ಹೊತ್ತು ಹೋಗುತ್ತಾನೆ, ಬಲತೊಡೆಗೆ ಕತ್ತಿ ಕಟ್ಟಿಕೊಂಡು. ಗುಟ್ಟಿನ ಮಾತಿದೆ ಎನ್ನುತ್ತಾನೆ. ರಾಜ ಎಲ್ಲರನ್ನೂ ಹೊರಗೆ ಕಳಿಸುತ್ತಾನೆ. ಮೇಲುಪ್ಪರಿಗೆಯ ತಂಪು ಕೋಣೆಯಲ್ಲಿ ಕತ್ತಿ ಹಿಡಿ ಸಮೇತ ರಾಜನ ಹೊಟ್ಟೆಯ ಕೊಬ್ಬಿನೊಳಗೆ ಮುಳುಗಿಹೋಗುತ್ತದೆ. ಆಮೇಲೆ ಆಳುಗಳು ಬಂದು ನೋಡಿದರೆ ಬಾಗಿಲಿಗೆ ಅಗುಳಿ. ದೊರೆ ಕಕ್ಕಸಿಗೆ ಕೂತಿದ್ದಾನೆಂದು ಅವರು ಕಾಯುತ್ತಾರೆ. ನಾಚಿಕೆಯಾಗುವಷ್ಟು ಹೊತ್ತು ಕಾಯುತ್ತಾರೆ. ಕೊನೆಗೆ ಬೀಗದ ಕೈ ತಂದು ತೆಗೆದರೆ ದೊರೆ ನೆಲದ ಮೇಲೆ ಸತ್ತು ಬಿದ್ದಿದ್ದಾನೆ. ಎಡಗೈಯವನು ಅಷ್ಟು ಹೊತ್ತಿಗೆ ಊರು ದಾಟಿದ್ದಾನೆ.

"ಇಲ್ಲೊಂದು ದೊಡ್ಡ ಸಮಸ್ಯೆ ಇದೆ," ಎಂದರು ಮೇಷ್ಟ್ರು. "ಬಾಗಿಲು ಒಳಗಿಂದ ಹಾಕಿತ್ತು ಅಂದ್ಮೇಲೆ ಅವನು ಹೊರಗೆ ಹೋಗಿದ್ದು ಹೇಗೆ? ಪಂಡಿತರು ಇದಕ್ಕೆ ತುಂಬಾ ತಲೆ ಕೆಡಿಸ್ಕೊಂಡಿದ್ದಾರೆ. ಅವನು ಹೋದ ದಾರಿಗೆ ಅಲ್ಲೊಂದು ಪದ ಇದೆ. ಇಡೀ ಬೈಬಲಿನಲ್ಲಿ ಅದು ಬರೋದು ಒಂದೇ ಸಲ. ಅರ್ಥ ಯಾರಿಗೂ ಸರಿಯಾಗಿ ಗೊತ್ತಿಲ್ಲ."

ಬಕೆಟ್ಟಕ್ಕ ನಾದಿನಿಯ ಮುಖ ನೋಡಿದಳು. ನಾದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಸಮಸ್ಯೆ ಏನಿದೆ ಮೇಷ್ಟ್ರೇ ಇದ್ರಲ್ಲಿ," ಎಂದಳು ಬಕೆಟ್ಟಕ್ಕ. "ರಾಜನ ಕಕ್ಕಸು ರಾಜನೇ ತೊಳೀತಾನಾ? ತೊಳೆಯೋರು ಒಬ್ರು ಇರ್ಬೇಕಲ್ಲ. ಅವರಿಗೆ ಹಿಂದೆ ಒಂದು ಬಾಗಿಲು ಇದ್ದೇ ಇರುತ್ತೆ. ಮುಂದಿನದರ ಚಿಲಕ ಹಾಕ್ದ, ಹಿಂದಿಂದ ಇಳ್ದ. ನಾನು ದಿನಾ ಮೂರು ಸಲ ಹಾಗೇ ಇಳೀತೀನಿ. ನೀವೆಲ್ಲ ಹೊರಗೆ ನಿಂತಿರ್ತೀರಿ."

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಅವರೂ ಆ ಸಾಲಿನಲ್ಲಿ ಎಷ್ಟೋ ಸಲ ನಿಂತವರೇ. ಒಳಗೆ ಯಾರೂ ಇರಲಿಲ್ಲ ಎಂಬುದು ಅವರಿಗೆ ಆಗಲೇ ತಿಳಿದದ್ದು. ನಂಬದೆ, ತಾವೇ ಕಬ್ಬಿಣದ ಮೆಟ್ಟಿಲು ಹತ್ತಿ, ಜೋಳಿಗೆ ಸಮೇತ ತಗಡಿನ ಬಾಗಿಲೊಳಗೆ ತಲೆ ತೂರಿಸಿದರು. ಭುಜ ಸಿಕ್ಕಿಕೊಂಡಿತು. ಬಕೆಟ್ಟಕ್ಕನೂ ಅಡಿಗೆಯವಳೂ ಸೇರಿ ಕಾಲು ಹಿಡಿದು ಎಳೆದರು. ಹೊರಬಂದ ಮೇಷ್ಟ್ರ ಗಡ್ಡದ ತುಂಬ ಜೇಡರ ಬಲೆ, ಕಣ್ಣಲ್ಲಿ ನೀರು.

"ಅಕ್ಕ, ಇದು ಮುಂದಿನ ತಿಂಗಳ ವಿಚಾರಸಂಕಿರಣದಲ್ಲಿ ಬಾಂಬಿನ ಹಾಗೆ ಸಿಡಿಯುತ್ತೆ. ನೀವು ವೇದಿಕೆ ಮೇಲೆ ಬರ್ಬೇಕು. ನಿಮ್ಮ ಬಾಯಿಂದಲೇ ಹೇಳ್ಬೇಕು."

"ಹೇಳ್ತೀನಿ. ಟಾಯ್ಲೆಟ್ಟಿನ ಮಾತೂ ಅಲ್ಲೇ ಹೇಳ್ತೀನಿ."

"ಅದನ್ನೂ ಸೇರಿಸೋಣ," ಎಂದರು ಮೇಷ್ಟ್ರು.

ವಿಚಾರಸಂಕಿರಣದ ಹಿಂದಿನ ದಿನ ಅವಳ ಕೈಗೆ ಒಂದು ಹಾಳೆ ಬಂತು. ಅವಳು ವೇದಿಕೆಯ ಮೇಲೆ ಓದಬೇಕಾದ ಅವಳ ಸ್ವಂತ ಮಾತು, ಟೈಪಾಗಿತ್ತು. ‘ಅಂಚಿನ ಓದುಗಾರ್ತಿಯಾದ ನಾನು ಈ ಪಠ್ಯದಲ್ಲಿ ವಿಮೋಚನೆಯ ದ್ವಾರವನ್ನು ಗುರುತಿಸುತ್ತೇನೆ’ ಎಂದು ಶುರುವಾಗಿತ್ತು. ಅವಳು ಎರಡು ಸಲ ಓದಿದಳು. ಕಕ್ಕಸಿನ ಮಾತು ಎಲ್ಲೂ ಇರಲಿಲ್ಲ.

"ಇದೆಯಲ್ಲ ಅಕ್ಕ, ಕೊನೇ ಸಾಲು ನೋಡಿ," ಎಂದರು ಮೇಷ್ಟ್ರು. "ಸ್ಥಳಾವಕಾಶದ ಪ್ರಶ್ನೆ ಅಂತ ಹಾಕಿದ್ದೀನಿ. ವೇದಿಕೆ ಮೇಲೆ ನೇರವಾಗಿ ಅಂದ್ರೆ ಚೆನ್ನಾಗಿರಲ್ಲ. ದೊಡ್ಡ ಪಂಡಿತರು ಬರ್ತಿದ್ದಾರೆ."

"ಪ್ರಿನ್ಸಿಪಾಲರ ಹತ್ರ ಮಾತಾಡಿದ್ರಾ?"

"ಸಂದರ್ಭ ನೋಡ್ತಿದ್ದೀನಿ."

ಬಕೆಟ್ಟಕ್ಕ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಕೋಪ ಬಂದಿತ್ತು. ಮ್ಯಾನೇಜರ್ ಮೇಲೆ ಬಂದದ್ದಕ್ಕಿಂತ ಇವರ ಮೇಲೆಯೇ ಹೆಚ್ಚು ಬಂದಿತ್ತು. ಅವನು ಬನ್ನೂ ಕೊಟ್ಟಿರಲಿಲ್ಲ, ಮಾತೂ ಕೊಟ್ಟಿರಲಿಲ್ಲವಲ್ಲ.

ಮರುದಿನ ಬೆಳಗ್ಗೆ ಸಭಾಂಗಣ ತುಂಬಿತು. ದೊಡ್ಡ ಪಂಡಿತರು ನಡುವಿನ ಕುರ್ಚಿಯಲ್ಲಿ ಕೂತರು. ಎಪ್ಪತ್ತು ದಾಟಿದವರು, ಬೆಳ್ಳಿ ಕೂದಲು, ಕಿವಿಗೆ ಯಂತ್ರ. ಚರ್ಚೆ ಶುರುವಾಯಿತು. ಕೆಳಗಿನ ಹಿತ್ತಲಿಗೂ ಮೈಕಿನ ಸದ್ದು ಕೇಳಿಸುತ್ತಿತ್ತು. ಒಬ್ಬರು ಎದ್ದು, ಇದು ಇಬ್ಬರು ಬರೆದ ಎರಡು ಕಥೆ, ಬಾಗಿಲು ಹಾಕಿಸಿದವನೇ ಬೇರೆ, ಹೊರಗೆ ಕಳಿಸಿದವನೇ ಬೇರೆ, ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ ಎಂದರು. ಇನ್ನೊಬ್ಬರು ಆ ಒಂಟಿ ಪದವನ್ನು ಮುಕ್ಕಾಲು ಗಂಟೆ ಹಿಂಡಿದರು. ಮತ್ತೊಬ್ಬರಿಗೆ ರಾಜನೆಂದರೆ ಲೋಭ, ಕೊಬ್ಬೆಂದರೆ ಪಾಪ, ಹಾಕಿದ ಬಾಗಿಲೆಂದರೆ ಪಶ್ಚಾತ್ತಾಪಪಡದ ಹೃದಯ. ನಾಲ್ಕನೆಯವರು, ಬಾಗಿಲು ಎಂಬುದು ಕಥನದೊಳಗಿನ ಒಂದು ಮೌನ ಎಂದರು. ಎಲ್ಲರೂ ಬೆಳಗಿನಿಂದ ಟೀ ಕುಡಿಯುತ್ತಲೇ ಇದ್ದರು.

ಹತ್ತೂವರೆಗೆ ಬಕೆಟ್ಟಕ್ಕ ಬಕೆಟ್ಟು ಹಿಡಿದು ಹೊರಟಳು. ವಿರಾಮಕ್ಕೆ ಮುಂಚೆ ಒಮ್ಮೆ ತೊಳೆದು ಒಣಗಿಸಿರಬೇಕೆಂದು ಮ್ಯಾನೇಜರ್ ಹೇಳಿದ್ದ. ನಲ್ಲಿಯ ಹತ್ತಿರ ನಾದಿನಿ ಬಗ್ಗಿಕೊಂಡು ನಿಂತಿದ್ದಳು. ಹಣೆಯಲ್ಲಿ ಬೆವರು.

"ಡಾಕ್ಟ್ರು ಬೈದ್ರು ಅಂತ ಒಂದು ಚೊಂಬು ನೀರು ಕುಡ್ದೆ ಅತ್ತಿಗೆ. ಆಗ್ತಿಲ್ಲ."

"ನಡಿ ಮೇಲೆ."

"ಗೊತ್ತಾದ್ರೆ ಕೆಲಸ ಹೋಗುತ್ತೆ."

"ಕೆಲಸ ಹೋದ್ರೆ ಇನ್ನೊಂದು ಹುಡುಕೋಣ. ಕಿಡ್ನಿ ಹೋದ್ರೆ ಎಲ್ಲಿ ಹುಡುಕ್ತೀಯ? ನಡಿ."

ಮೂವತ್ತೊಂದು ಮೆಟ್ಟಿಲಿಗೆ ನಾದಿನಿ ಆರು ಸಲ ನಿಂತಳು. ತಗಡಿನ ಬಾಗಿಲಲ್ಲಿ ನುಗ್ಗಿದಳು. ಬಕೆಟ್ಟಕ್ಕ ಹೋಗಿ ಮುಂಬಾಗಿಲ ಚಿಲಕ ಹಾಕಿದಳು. ನಾದಿನಿ ಮೂರನೆಯ ಕಕ್ಕಸಿನಲ್ಲಿ ಕೂತಳು. ಆದರೆ ಉಚ್ಚೆ ಬರಲಿಲ್ಲ. ಒಂಬತ್ತು ವರ್ಷ ಬಿಗಿಹಿಡಿದ ಮೈ, ಬಿಡು ಎಂದ ಕೂಡಲೇ ಬಿಡುತ್ತದೆಯೇ?

ಬಕೆಟ್ಟಕ್ಕ ನಲ್ಲಿ ತಿರುಗಿಸಿದಳು, ಮಕ್ಕಳಿಗೆ ಮಾಡುವ ಹಾಗೆ.

"ನಿಲ್ಸು ಅತ್ತಿಗೆ, ನಿನ್ನ ಕಾಲಿಗೆ ಬೀಳ್ತೀನಿ. ಆ ಸದ್ದು ಕೇಳಿದ್ರೆ ನಂಗೆ ಇನ್ನೂ ಬಿಗಿಯುತ್ತೆ."

ನಲ್ಲಿ ನಿಂತಿತು. ಅಷ್ಟರಲ್ಲಿ ಹನ್ನೊಂದು ಹೊಡೆಯಿತು. ಕಾರಿಡಾರಿನಲ್ಲಿ ಬೂಟುಗಳ ಸದ್ದು. ಬಂದವರು ಬಾಗಿಲು ತಳ್ಳಿ ನೋಡಿ ನಿಂತರು. ಅವರ ಹಿಂದೆ ಇನ್ನಷ್ಟು ಜನ ನಿಂತರು. ಸುಮ್ಮನೆ ನಿಲ್ಲಲಾರದೆ ಚರ್ಚೆ ಮುಂದುವರಿಸಿದರು. ಚಿಲಕ ಹಾಕಿದ ಬಾಗಿಲಿನೆದುರು ನಿಂತು, ಚಿಲಕ ಹಾಕಿದ ಕೋಣೆಯಿಂದ ಆ ಎಡಗೈಯವನು ಹೇಗೆ ಹೋದ ಎಂದು ವಾದಿಸುತ್ತಿದ್ದರು. ಒಳಗೆ ಬಕೆಟ್ಟಕ್ಕ ಗೋಡೆಗೆ ಹಣೆ ಒತ್ತಿ ನಗು ತಡೆದುಕೊಂಡಳು.

"ಒಳಗೆ ಯಾರಿದ್ದಾರೆ?" ಪ್ರಿನ್ಸಿಪಾಲರ ದನಿ ಪಿಸುಗುಟ್ಟಿತು.

"ದೊಡ್ಡ ಪಂಡಿತರಿರ್ಬೇಕು. ತಟ್ಟಬೇಡಿ."

"ನಾನು ಇಲ್ಲೇ ಇದ್ದೀನಲ್ರೀ," ಎಂದಿತು ಮುದಿ ದನಿ. "ಒಳಗಿರೋದು ನೀವು ಅನ್ಕೊಂಡಿದ್ದೆ."

ಹತ್ತು ನಿಮಿಷ ಹೋಯಿತು. ಹದಿನೈದು ಹೋಯಿತು. ಹೊರಗೆ ಚರ್ಚೆ ನಿಂತಿತು. ಈಗ ಬರೀ ಬೂಟುಗಳು ನೆಲ ಉಜ್ಜುವ ಸದ್ದು.

"ಹಿಂದಿಂದ ಹೋಗ್ಬಿಡೋಣ ಅತ್ತಿಗೆ," ಎಂದಳು ನಾದಿನಿ ಅಳುತ್ತಾ. "ಬರ್ತಿಲ್ಲ. ಅವರೆಲ್ಲ ಹೊರಗೆ ನಿಂತಿದ್ದಾರೆ. ಸಂಜೆ ನೋಡ್ಕೊಳ್ಳೋಣ."

ಬಕೆಟ್ಟಕ್ಕನ ನಗು ಅಲ್ಲಿಗೆ ನಿಂತಿತು. ಅವಳು ನಾದಿನಿಯ ತಲೆ ಸವರಿದಳು. "ನೀನು ಕೂತಿರು. ಅವಸರ ಬೇಡ. ಇವತ್ತು ನಿನ್ನನ್ನ ಯಾರೂ ಎಬ್ಬಿಸಲ್ಲ," ಎಂದಳು. ಕೈ ತೊಳೆದುಕೊಂಡಳು. ಚಿಲಕ ತೆಗೆದಳು. ಹೊರಗೆ ಬಂದು ಬಾಗಿಲು ಎಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಆ ಕಾರಿಡಾರಿನಲ್ಲಿ ಅವಳು ಕಾಲಿಟ್ಟದ್ದು ಅದೇ ಮೊದಲು. ಮೂವತ್ತೆರಡು ಜನವೂ, ಬಂದ ಅತಿಥಿಗಳೂ ಅವಳನ್ನು ನೋಡಿದರು.

"ನೀನು ಇಲ್ಲಿ ಹೇಗೆ?" ಎಂದ ಮ್ಯಾನೇಜರ್. "ನಿನಗೆ ಹಿಂದಿನ ಬಾಗಿಲು ಇಲ್ವಾ?"

"ಹಿಂದಿನ ಬಾಗಿಲೇ?" ಎಂದರು ದೊಡ್ಡ ಪಂಡಿತರು. ಕಿವಿಯ ಯಂತ್ರ ಸರಿಮಾಡಿಕೊಂಡರು. "ಮುಂದಿನದಕ್ಕೆ ಒಳಗಿಂದ ಚಿಲಕ ಹಾಕಿತ್ತು. ಹಿಂದೆ ಇನ್ನೊಂದು ಬಾಗಿಲಿದೆ. ತೊಳೆಯುವವರಿಗೆ." ಅವರ ಬಾಯಿ ತೆರೆದೇ ಉಳಿಯಿತು. "ಅಯ್ಯೋ ದೇವರೇ. ನಲವತ್ತು ವರ್ಷ ನಾನು ಆ ಪದದ ಹಿಂದೆ ಬಿದ್ದಿದ್ದೆ."

"ಇವರು ನಮ್ಮ ಓದುಗರು ಸರ್," ಎಂದು ಅಂಚಿನ ಮೇಷ್ಟ್ರು ಜನರ ನಡುವಿನಿಂದ ನುಗ್ಗಿ ಬಂದರು. "ಇದು ನನ್ನ ಪ್ರಬಂಧದಲ್ಲಿದೆ ಸರ್. ವಿರಾಮದ ನಂತರ."

"ಮೊದಲು ದಾರಿ ಬಿಡಮ್ಮ," ಎಂದರು ಪ್ರಿನ್ಸಿಪಾಲರು. ಅವರ ಎರಡೂ ಮಂಡಿಗಳು ಒಂದಕ್ಕೊಂದು ಅಂಟಿದ್ದವು.

"ಒಳಗೆ ನನ್ನ ನಾದಿನಿ ಇದ್ದಾಳೆ ಸರ್. ಅವಳದು ಇನ್ನೂ ಆಗಿಲ್ಲ."

"ಕೆಲಸದ ಹೆಂಗಸರು ಇಲ್ಲಿಗೆ ಬರೋ ಹಾಗಿಲ್ಲ ಅಂತ ಗೊತ್ತಿಲ್ವಾ? ಬೇಕಿದ್ರೆ ಅರ್ಜಿ ಕೊಡ್ಬೇಕು."

"ಮೂರು ಕೊಟ್ಟಿದ್ದೀನಿ."

ಪ್ರಿನ್ಸಿಪಾಲರು ಮ್ಯಾನೇಜರ್ ಕಡೆ ತಿರುಗಿದರು. ಅವನು ಅಭ್ಯಾಸಬಲದಿಂದ, "ಪರಿಶೀಲನೆಯಲ್ಲಿದೆ ಸರ್," ಎಂದ.

"ಹಂಗಾದ್ರೆ ನೀವೂ ಸ್ವಲ್ಪ ಹೊತ್ತು ಪರಿಶೀಲನೆಯಲ್ಲಿರಿ," ಎಂದಳು ಬಕೆಟ್ಟಕ್ಕ. "ತೀರಾ ಅರ್ಜೆಂಟಾದ್ರೆ ಮಾರ್ಕೆಟ್ಟಿನ ಹಿಂದೆ ಒಂದಿದೆ. ನಡೆದ್ರೆ ಅರ್ಧ ಗಂಟೆ. ನಾವು ಹೋಗೋದು ಅಲ್ಲಿಗೇ."

ಅಷ್ಟರಲ್ಲಿ ಬಾಗಿಲಿನಾಚೆಯಿಂದ ಸದ್ದು ಬಂತು. ಮೊದಲು ತೊಟ್ಟು ತೊಟ್ಟಾಗಿ, ಆಮೇಲೆ ಧಾರೆಯಾಗಿ. ಒಂಬತ್ತು ವರ್ಷದ ಹೊರೆ, ಬೇಗ ಮುಗಿಯಲಿಲ್ಲ. ಅಷ್ಟೂ ಪಂಡಿತರು ನೆಲ ನೋಡುತ್ತಾ, ಕಾಲು ಹೆಣೆದುಕೊಂಡು, ಕಡೆಯ ತೊಟ್ಟಿನವರೆಗೆ ಅದನ್ನು ಕೇಳಿಸಿಕೊಂಡರು. ಬಕೆಟ್ಟಕ್ಕನ ಕಣ್ಣಲ್ಲಿ ನೀರು ಬಂತು. ಅವಳು ಒರೆಸಿಕೊಳ್ಳಲೂ ಇಲ್ಲ.

ಬಾಗಿಲು ತೆರೆಯಿತು. ನಾದಿನಿ ಹೊರಬಂದಳು. ಕೈ ಒದ್ದೆ, ಮುಖ ಹಗುರ. ಅಷ್ಟು ಜನರನ್ನು ನೋಡಿ ಒಮ್ಮೆ ತಲೆ ತಗ್ಗಿಸಿದಳು, ಆಮೇಲೆ ಅತ್ತಿಗೆಯ ಪಕ್ಕದಲ್ಲಿ ನೆಟ್ಟಗೆ ನಿಂತಳು.

ಪ್ರಿನ್ಸಿಪಾಲರು ಒಂದು ಹೆಜ್ಜೆ ಮುಂದಿಟ್ಟರು. ಬಕೆಟ್ಟಕ್ಕ ಕದಲಲಿಲ್ಲ. ಕುತ್ತಿಗೆ ಚಾಚಿ, ಕೆಳಗೆ ಅಂಗಳದಲ್ಲಿ ತಲೆಯೆತ್ತಿ ನೋಡುತ್ತಿದ್ದ ಹೆಂಗಸರಿಗೆ ಎದುರಿನ ಕಿಟಕಿಯಿಂದಲೇ ಕೂಗಿ ಹೇಳಿದಳು. "ಬನ್ರೇ ಎಲ್ಲರೂ. ಮುಂದಿನ ಮೆಟ್ಟಿಲಿಂದ ಬನ್ನಿ."

ಅಡಿಗೆಯವಳು ಬಂದಳು. ಪಾತ್ರೆ ತೊಳೆಯುವ ಅಕ್ಕತಂಗಿಯರು ಬಂದರು. ತೋಟದ ಅಜ್ಜಿ ಕೋಲೂರಿಕೊಂಡು ಬಂದಳು. ಗುಡಿಸುವವಳು ಪೊರಕೆ ಕೈಯಲ್ಲೇ ಬಂದಳು. ಪ್ರೊಫೆಸರುಗಳು ಗೋಡೆಗೆ ಸರಿದು ದಾರಿ ಬಿಟ್ಟರು.

"ಬರ್ಕೊಡ್ರೀ ಇವರಿಗೆ," ಎಂದು ಪ್ರಿನ್ಸಿಪಾಲರು ಮ್ಯಾನೇಜರ್‌ಗೆ ಹೇಳಿದರು. ದನಿ ಕೀರಲಾಗಿತ್ತು. "ಏನು ಬೇಕೋ ಈಗಲೇ ಬರ್ಕೊಡ್ರೀ, ನಾನು ಸಹಿ ಹಾಕ್ತೀನಿ. ಇನ್ನು ಬಿಡಮ್ಮ."

ಬಕೆಟ್ಟಕ್ಕ ಕುಪ್ಪಸದೊಳಗಿನ ಹಾಳೆ ತೆಗೆದು, ಬಿಡಿಸಿ, ಹಿಂಬದಿ ಮೇಲೆ ಮಾಡಿ ಮ್ಯಾನೇಜರ್ ಕೈಗೆ ಕೊಟ್ಟಳು. ಅವಳು ಹೇಳಿದ ಹಾಗೆ, ಇನ್ನು ಮೇಲೆ ಏಳು ಹೆಂಗಸರೂ ಈ ಕಕ್ಕಸಿಗೆ ಹೋಗಬಹುದು ಎಂದು ಅವನು ಗೋಡೆಗೆ ಒತ್ತಿಟ್ಟು ಬರೆದ. ಪ್ರಿನ್ಸಿಪಾಲರು ಸಹಿ ಹಾಕಿದರು, ಸಹಿ ಅವರದೇ ಎಂದು ಅವರಿಗೂ ಗುರುತು ಸಿಗದ ಹಾಗೆ. ಅವಳು ಬೇಕೆಂದೇ ಒಂದೊಂದೇ ಅಕ್ಷರ ಕೂಡಿಸಿ ನಿಧಾನವಾಗಿ ಓದಿಕೊಂಡು, ಮಡಿಸಿ, ಒಳಗಿಟ್ಟುಕೊಂಡಳು.

"ಆಯ್ತಲ್ಲ," ಎಂದು ಪ್ರಿನ್ಸಿಪಾಲರು ಬಾಗಿಲಿಗೆ ಕೈ ಹಾಕಿದರು.

"ಸಾಲಿದೆ ಸರ್."

"ಸಾಲಲ್ಲಿ ಮೊದಲು ನಿಂತಿದ್ದು ನಾವು. ಇಪ್ಪತ್ತೈದು ನಿಮಿಷ ಆಯ್ತು."

"ಇವಳು ಹದಿನಾಲ್ಕು ವರ್ಷದಿಂದ ನಿಂತಿದ್ದಾಳೆ," ಎಂದಳು ಬಕೆಟ್ಟಕ್ಕ ಅಡಿಗೆಯವಳನ್ನು ತೋರಿಸಿ. "ಇವರಿಬ್ಬರು ಆರು ವರ್ಷದಿಂದ. ಗುಡಿಸೋಳು ಹನ್ನೊಂದು. ಆ ಅಜ್ಜಿ ನೀವು ಇಲ್ಲಿ ಹುಡುಗನಾಗಿ ಓದೋಕೆ ಬಂದಾಗಿಂದ ನಿಂತಿದ್ದಾಳೆ, ಕೇಳಿ ಬೇಕಿದ್ರೆ."

ಪ್ರಿನ್ಸಿಪಾಲರು ಅಜ್ಜಿಯ ಕಡೆ ನೋಡಿದರು. ಅಜ್ಜಿ ಹೌದೆಂದು ತಲೆಯಾಡಿಸಿದಳು. ಅವರು ಬಾಗಿಲಿನಿಂದ ಕೈ ತೆಗೆದರು.

ಬಕೆಟ್ಟಕ್ಕ ತೇಗದ ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು. ಅಜ್ಜಿ ಮೊದಲು ಹೋದಳು, ಉಳಿದವರು ಹಿಂದೆ ಹೋದರು. ಎಲ್ಲರೂ ಹೋದ ಮೇಲೆ ಬಕೆಟ್ಟಕ್ಕ ತಾನೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ ಚಿಲಕ ಬಿದ್ದ ಸದ್ದು ಕಾರಿಡಾರಿನ ಆ ತುದಿಯವರೆಗೂ ಕೇಳಿಸಿತು.